ಮಾಡದ ಪಾಪದ ಒಪ್ಪಿಗೆ

ಗಿರಾಕಿಯ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಕಲೆ. "ಯಾರು ಮಾಡಿದ್ದು ಇದು?" ಎಂದು ಲಾಂಡ್ರಿಯ ಯಜಮಾನಿ ಕೇಳಿ ಬಾಯಿ ಮುಚ್ಚಿರಲಿಲ್ಲ, ಇಸ್ತ್ರಿ ಕೆಲಸದವಳು ಎದ್ದು ನಿಂತು, ಕೈಕಟ್ಟಿ, "ನಾನೇ, ಕ್ಷಮಿಸಿ" ಎಂದುಬಿಟ್ಟಳು.

"ಅಲ್ಲ ಕಣೇ, ನಿನ್ನೆ ನಿನಗೆ ರಜೆ! ಮನೇಲಿ ಕೂತ್ಕೊಂಡೇ ಸುಟ್ಟೆಯಾ?"

ಎಲ್ಲರೂ ಬಿದ್ದುಬಿದ್ದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಕ್ಕವರ ಮೇಲಲ್ಲ, ತನ್ನನ್ನು ಹೀಗೆ ಪಳಗಿಸಿದವರ ಮೇಲೆ. ಅವಳು ಬೆಳೆದದ್ದು ಬೈಬಲ್ಲಿನ ಒಂದಕ್ಷರ ಬಿಟ್ಟು ಆಚೀಚೆ ಕದಲದ ಕ್ರೈಸ್ತ ಸಭೆಯಲ್ಲಿ. ಅಲ್ಲಿ ಪ್ರತಿ ಭಾನುವಾರ ಮಕ್ಕಳು ಎದ್ದು ಆ ವಾರದ ಪಾಪವನ್ನು ಎಲ್ಲರೆದುರು ಹೇಳಬೇಕಿತ್ತು. ಏನೂ ಮಾಡಿಲ್ಲವೆಂದರೆ ಅದಕ್ಕಿಂತ ದೊಡ್ಡ ಪಾಪ, ಅಹಂಕಾರ. ಆರು ವರ್ಷದ ಕೂಸು ಶನಿವಾರವಿಡೀ ತಲೆ ಕೆರೆದುಕೊಂಡು ಇಲ್ಲದ ಪಾಪ ಹುಟ್ಟಿಸುತ್ತಿತ್ತು. ದೇವರ ಹೆಸರಲ್ಲಿ ಮಗುವಿಗೆ ಸುಳ್ಳು ಕಲಿಸಿದವರು ಸಭೆಯ ಹಿರಿಯರಂತೆ, ಹಿರಿಯರು! ಆ ಸಭೆಯನ್ನೂ ಮನೆಯನ್ನೂ ಬಿಟ್ಟುಬಂದು ಮೂರು ವರ್ಷ. ಕೂದಲು ಕತ್ತರಿಸಿಕೊಂಡಿದ್ದಳು, ಸಿನಿಮಾ ನೋಡಿದ್ದಳು, ತನಗೆ ನೀಲಿ ಬಣ್ಣ ಇಷ್ಟವೆಂದು ಇಪ್ಪತ್ತಾರನೇ ವಯಸ್ಸಿನಲ್ಲಿ ಕಂಡುಕೊಂಡಿದ್ದಳು. ಎದ್ದು ನಿಲ್ಲುವ ಚಟ ಮಾತ್ರ ಬಿಟ್ಟಿರಲಿಲ್ಲ.

ಅದೇ ಮಧ್ಯಾಹ್ನ ಅಪ್ಪ ಅಂಗಡಿಗೆ ಬಂದರು. ಮೂರು ವರ್ಷದಲ್ಲಿ ಮೊದಲ ಸಲ. ಕೈಯಲ್ಲೊಂದು ಹಾಳೆ.

"ನಿಮ್ಮಮ್ಮ ಬಿದ್ದು ಕಾಲು ಮುರ್ಕೊಂಡಿದ್ದಾಳೆ. ಹಾಸಿಗೆ ಹಿಡಿದು ತಿಂಗಳಾಯ್ತು, ನಿನ್ನ ನೋಡ್ಬೇಕು ಅಂತಾಳೆ. ಭಾನುವಾರ ಸಭೇಲಿ ಇದನ್ನ ಓದು, ಆಮೇಲೆ ಮನೆಗೆ ಬಾ. ಹಿರಿಯರೇ ಬರ್ಕೊಟ್ಟಿದ್ದಾರೆ."

ಹಾಳೆಯಲ್ಲಿ ಕೂದಲು, ಸಿನಿಮಾ, ಎಲ್ಲ ಸಾಲಾಗಿ ಬರೆದಿತ್ತು. ಕೊನೆಯಲ್ಲಿ, 'ನನ್ನ ಪಾಪದಿಂದಲೇ ನನ್ನ ತಾಯಿ ಬಿದ್ದಳು.' ಅಭ್ಯಾಸಬಲ ನೋಡಿ, ಅವಳ ಕೈಗಳು ತಾವಾಗಿಯೇ ಕಟ್ಟಿಕೊಳ್ಳಲು ಹೊರಟಿದ್ದವು. ಕೊಡವಿಕೊಂಡಳು.

"ಅಮ್ಮ ಎಲ್ಲಿ ಬಿದ್ದಿದ್ದು?"

"ಸಭೆ ಮೆಟ್ಟಿಲ ಮೇಲೆ. ಒರೆಸ್ತಾ ಇದ್ಲು."

"ಮಂಡಿನೋವಿನವಳ ಕೈಲಿ ಮೆಟ್ಟಿಲು ಒರೆಸಿದ್ದು ಅವರು, ಪಾಪ ನಂದಾ? ಬಹಳ ಚೆನ್ನಾಗಿದೆ ಅಪ್ಪ!"

ಹಾಳೆಯನ್ನು ಅಪ್ಪನ ಜೇಬಿಗೆ ತುರುಕಿ, ಯಜಮಾನಿಗೆ ಹೇಳಿ ಅಮ್ಮನನ್ನು ನೋಡಲು ಹೊರಟೇಬಿಟ್ಟಳು. ಅಪ್ಪ ಏದುಸಿರು ಬಿಡುತ್ತ ಹಿಂದೆಯೇ ಬಂದು, ಮನೆ ಮುಂದೆ ಅವಳನ್ನು ದಾಟಿ, ಮುಚ್ಚಿದ ಬಾಗಿಲಿಗೆ ಅಡ್ಡ ನಿಂತರು.

"ಓದದೆ ಒಳಗೆ ಬಿಡಲ್ಲ."

ಹೆಂಗಸರ ದನಿ ಹೊಸ್ತಿಲು ದಾಟಬಾರದೆಂಬ ಮನೆ ಅದು. ಅವಳು ಗಂಟಲು ಹರಿಯುವಂತೆ ಕೂಗಿದಳು. "ಅಮ್ಮಾ! ನಾನು ಬಂದಿದ್ದೀನಿ. ಅಪ್ಪ ಒಳಗೆ ಬಿಡ್ತಿಲ್ಲ!"

ಎದುರು ಮನೆಯ ಕಿಟಕಿ ತೆರೆಯಿತು. ಒಳಗಿನಿಂದ ಅಮ್ಮನ ಸೋತ ದನಿ ಬಂತು. "ಹಿಂದಿನ ಬಾಗಿಲು ತೆಗ್ದೇ ಇದೆ ಕಣೇ, ಆ ಕಡೆಯಿಂದ ಬಾ."

ಮನೆ ಸುತ್ತಿ ಹೋದರೆ ಅಮ್ಮ ಸಿಗುತ್ತಾಳೆ. ಆದರೆ ಕಳ್ಳಿಯ ಹಾಗೆ ನುಸುಳಿದರೆ ಆ ಹಾಳೆಯಲ್ಲಿರುವುದನ್ನೆಲ್ಲ ಒಪ್ಪಿಕೊಂಡಂತೆಯೇ.

"ಕದ್ದು ಬರಲ್ಲಮ್ಮ. ನಾನೇನೂ ತಪ್ಪು ಮಾಡಿಲ್ಲ."

ಅಪ್ಪನ ಮುಖದಲ್ಲಿ ಗೆದ್ದ ಕಳೆ. ಆಮೇಲೆ ಒಳಗೆ ಮಂಚ ಕಿರುಗುಟ್ಟಿತು. ಊರುಗೋಲು ನೆಲಕ್ಕೆ ಬಡಿಯಿತು, ನಿಂತಿತು, ಮತ್ತೆ ಬಡಿಯಿತು. ಅಷ್ಟು ಚಿಕ್ಕ ಕೋಣೆ ದಾಟಲು ಎಷ್ಟು ಹೊತ್ತಾಯಿತೋ. ಅಪ್ಪನ ಬೆನ್ನ ಹಿಂದೆ ಬಾಗಿಲು ತೆರೆಯಿತು. ಬೆವರಿಳಿಯುತ್ತಿದ್ದ ಅಮ್ಮ, ಗೋಡೆ ಹಿಡಿದುಕೊಂಡು, ಗಂಡನಿಗೆ ಹೇಳಿದಳು:

"ಸ್ವಲ್ಪ ಪಕ್ಕಕ್ಕೆ ಸರೀರಿ. ಮಗಳು ಬಂದಿದ್ದಾಳೆ."