ಹಣ್ಣಿನ ಪುಸ್ತಕದ ಪೂಜೆ

ನನ್ನ ಸೊಸೆ ಕೋಕಿಲಾಗೆ ಹಳೆಯ ಫ್ರೆಂಚ್ ಚಿತ್ರಪುಸ್ತಕಗಳ ಹುಚ್ಚು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ನಮ್ಮ ಫ್ಲ್ಯಾಟಿನಲ್ಲಿ ದೇವರಿಗೆ ಸಿಕ್ಕಿರುವುದು ಅಡುಗೆಮನೆಯ ಒಂದು ಶೆಲ್ಫು. ಪುಸ್ತಕಗಳಿಗೆ ಮಾತ್ರ ಎ.ಸಿ. ಕೋಣೆಯಲ್ಲಿ ಗಾಜಿನ ಕಪಾಟು. ಅವುಗಳಲ್ಲಿ ಅವಳ ಪ್ರಾಣವೆಂದರೆ ಹಣ್ಣುಗಳ ಪುಸ್ತಕ. ಕೆಂಪು ಚರ್ಮದ ರಟ್ಟು, ನೂರೈವತ್ತು ವರ್ಷದ ಹಿಂದಿನ ಬಣ್ಣದ ಅಚ್ಚು. ಇಂಥ ಪುಸ್ತಕಗಳ ಚಿತ್ರಗಳನ್ನು ಕಿತ್ತು, ಗಾಜಿನ ಕಟ್ಟು ಹಾಕಿಸಿ ಮಾರುವವರಿದ್ದಾರಂತೆ, ಪಾಪಿಗಳು. ಒಂದು ಚಿತ್ರವೂ ಕಳೆಯದ ಪ್ರತಿಗಾಗಿ ಕೋಕಿಲಾ ಮದುವೆಯಾದಾಗಿನಿಂದ ಹುಡುಕಿ, ಕೊನೆಗೆ ಇದನ್ನು ಕೊಂಡಿದ್ದಳು. ಮಾವಿನಹಣ್ಣೇ ಇಲ್ಲದ ಹಣ್ಣಿನ ಪುಸ್ತಕ ಎಂಥದ್ದು ಎಂದು ನಾನು ಮೂಗು ಮುರಿದಿದ್ದೆ. ಆದರೆ ಅದರ ಪೀಚ್ ಹಣ್ಣಿನ ಚಿತ್ರ ನೋಡಿ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ.

ಸರಸ್ವತಿ ಪೂಜೆಯ ದಿನ ಮಗ ಶಾಮಸುಂದರನ ಲ್ಯಾಪ್‌ಟಾಪು, ಮೊಮ್ಮಗಳು ಹಿತಾಳ ಶಾಲೆಯ ಪುಸ್ತಕ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಕಪಾಟಿನ ಕಡೆ ತಿರುಗಿದ್ದೇ ತಡ, ಕೋಕಿಲಾ ಅಡ್ಡ ನಿಂತಳು.

"ಅತ್ತೆ, ಅವಕ್ಕೆ ಮಾತ್ರ ಕೈ ಹಚ್ಚಬೇಡಿ. ಒಂದು ಕಲೆ ಆದ್ರೂ ಮುಗೀತು."

ಲ್ಯಾಪ್‌ಟಾಪಿಗೆ ಪೂಜೆಯಂತೆ, ನಿಜವಾದ ಪುಸ್ತಕಕ್ಕೆ ಇಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಅವಳು ಸ್ನಾನಕ್ಕೆ ಹೋದಳು. ನಾನು ಕಪಾಟು ತೆಗೆದೆ. ಹಣ್ಣಿನ ಪುಸ್ತಕದ ಕೊನೆಯ ಖಾಲಿ ಹಾಳೆಯ ಹಿಂದೆ, ಮೂಲೆಯಲ್ಲಿ, ಕಡಲೆಬೇಳೆಯಷ್ಟು ಅರಿಶಿನ, ಅದರ ಮೇಲೆ ಕುಂಕುಮ ಇಟ್ಟು ಕೈಮುಗಿದೆ.

ಮರುವಾರ ಆ ಪುಸ್ತಕ ಅಬುಧಾಬಿಯಲ್ಲೇ ನಡೆದ ಸಂಗ್ರಾಹಕರ ಪ್ರದರ್ಶನಕ್ಕೆ ಹೋಯಿತು. ವಾಪಸ್ ತರಲು ನಾನೂ ಹೋಗಿದ್ದೆ. ನೋಡಿದರೆ, ದುಬೈನಲ್ಲಿರುವ ಡ್ಯಾರಲ್ ಎಂಬ ಮಂಗಳೂರಿನವರೂ ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಪ್ರದರ್ಶನಕ್ಕೆ ಕೊಟ್ಟಿದ್ದರು, ಅದೇ ಕೆಂಪು ರಟ್ಟು. ಅಲ್ಲಿನವರು ಹೆಸರಿನ ಚೀಟಿಗಳನ್ನು ತೆಗೆದು ಎರಡನ್ನೂ ಒಟ್ಟಿಗೆ ಇಟ್ಟುಬಿಟ್ಟಿದ್ದರು. ಒಂದರಲ್ಲಿ ಪೀಚ್ ಚಿತ್ರ ಇದೆ, ಇನ್ನೊಂದರಲ್ಲಿ ಇಲ್ಲ.

"ಪೀಚ್ ಇರೋದು ನಂದು," ಎಂದು ಕೋಕಿಲಾ ಮೊಬೈಲಿನಲ್ಲಿ ಫೋಟೋ ತೋರಿಸಿದಳು.

"ಈ ಫೋಟೋ ಆನ್‌ಲೈನಿನಲ್ಲೂ ಸಿಗ್ತದೆ ಮೇಡಂ," ಎಂದರು ಡ್ಯಾರಲ್. "ನನಗೂ ಮಾರಿದವ ಪೂರ್ತಿ ಉಂಟು ಅಂತಲೇ ಹೇಳಿ ಕೊಟ್ಟದ್ದು."

ಕೋಕಿಲಾಳ ಕಣ್ಣು ತುಂಬಿತು. ಬಾಯಿಬಿಟ್ಟರೆ ನನ್ನ ಬಣ್ಣ ಬಯಲು. ಬಿಡದಿದ್ದರೆ ಅವಳ ಪುಸ್ತಕ ಹೋಯಿತು. ಸೊಸೆ ಅಳುವುದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ.

"ಪೀಚ್ ಇರೋ ಪುಸ್ತಕದ ಕೊನೇ ಹಾಳೆ ಹಿಂದುಗಡೆ ನೋಡಪ್ಪ," ಎಂದೆ. "ಮೂಲೇಲಿ ಅರಿಶಿನ ಕುಂಕುಮ ಇರುತ್ತೆ. ನಾನೇ ಇಟ್ಟಿದ್ದು."

ಡ್ಯಾರಲ್ ಹಾಳೆ ತಿರುಗಿಸಿದರು. ಅರಿಶಿನ ಕಾಗದಕ್ಕೆ ಹತ್ತಿ ಭದ್ರವಾಗಿ ಕೂತಿತ್ತು. ಅವರು ಒಂದಿಷ್ಟು ಹೊತ್ತು ನೋಡಿ, ನಕ್ಕು, ಪುಸ್ತಕವನ್ನು ಎರಡೂ ಕೈಯಲ್ಲಿ ಕೋಕಿಲಾಗೆ ಕೊಟ್ಟರು.

"ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕುಂಕುಮ ಇಡುವವರು ಯಾರೂ ಇಲ್ಲ ಅಮ್ಮ. ಇದು ನಿಮ್ಮದೇ. ನನಗೆ ಮಾರಿದವನನ್ನು ಇನ್ನು ಹೋಗಿ ಹಿಡಿಯಬೇಕು."

ಯುದ್ಧ ಗೆದ್ದವಳ ಹಾಗೆ ಹೊರಗೆ ಬಂದೆ. ಕಾರಿನಲ್ಲಿ ಕೂತ ಮೇಲೆ ಕೋಕಿಲಾ ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟಳು. ಕೈ ಹಚ್ಚಬೇಡಿ ಎಂದಿದ್ದವಳು ಇವಳೇ. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಮೆಲ್ಲಗೆ ಕೇಳಿದಳು.

"ಅತ್ತೆ, ಇದೊಂದಕ್ಕೇ ತಾನೇ ಇಟ್ಟಿದ್ದು?"

"ಎಲ್ಲಕ್ಕೂ ಕಣೇ," ಎಂದೆ. "ಒಂದಕ್ಕೆ ಇಟ್ಟು ಉಳಿದವನ್ನ ಬಿಟ್ರೆ ಪಂಕ್ತಿಭೇದ ಆಗಲ್ವಾ?"

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಕೋಕಿಲಾ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.