ಒಳಮುಖದ ವಾಚು

ಹೊಲಿಗೆ ಯಂತ್ರದ ಖಾನೆ ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತು. ಸೊಸೆ ಸಂದಿನಲ್ಲಿ ಬೆರಳು ತೂರಿಸಿ, ಗುಂಡಿ, ಬಾಬಿನ್ನು, ಸೀಮೆಸುಣ್ಣದ ಚೂರುಗಳ ನಡುವೆ ತಡಕಾಡಿದಳು. ನಡುಮನೆಯಿಂದ ನಾದಿನಿ ಮತ್ತೆ ಕೂಗಿದಳು.

"ಸಿಕ್ತೇನೇ ಅಪ್ಪನ ವಾಚು? ಜನ ಬರೋಕೆ ಶುರುವಾದ್ರು. ಬರಿಗೈಲಿ ಮಲಗಿಸೋದಾ ಅವರನ್ನ?"

"ಬಂದೆ ಅಕ್ಕಾ."

ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ವಾಚು ಕೈಗೆ ಹತ್ತಿತು. ನಿಂತುಹೋಗಿತ್ತು. ಹೊಸ ಪಟ್ಟಿಯಿಂದ ಇನ್ನೂ ಚರ್ಮದ ವಾಸನೆ ಬರುತ್ತಿತ್ತು. ಪಟ್ಟಿ ಸೇರುವ ಕಡೆಯಿಂದ ಗಾಜಿನ ಅಂಚಿನವರೆಗೆ ಚಿನ್ನದ ಮೇಲೆ ಉದ್ದಕ್ಕೆ ಒಂದು ಗೀರು. ಅದು ಮುಗಿಯುವಲ್ಲಿ ಗಾಜು ಅಕ್ಕಿಕಾಳಿನಷ್ಟು ಎದ್ದುಹೋಗಿತ್ತು. ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಉಜ್ಜಿದರೆ ಹೋಗುವಂಥದ್ದಲ್ಲವೆಂದು ಗೊತ್ತಿದ್ದೂ ಉಜ್ಜಿದಳು.

ನಡುಮನೆಯಲ್ಲಿ ಮಾವನನ್ನು ಮಂಚದ ಮೇಲೆ ಮಲಗಿಸಿದ್ದರು. ಗಂಡ ಬಾಗಿಲಾಚೆ ಫೋನಿನಲ್ಲಿ ವ್ಯಾನಿನವನಿಗೆ ದಾರಿ ಹೇಳುತ್ತಿದ್ದ. ಗೋಡೆ ಪಕ್ಕದ ಕುರ್ಚಿಯಲ್ಲಿ ಮಾವನ ಹಳೇ ಜೊತೆಗಾರ ಕೂತಿದ್ದ. ಮಾವ ಲಿಫ್ಟು ನಡೆಸುತ್ತಿದ್ದ ಆಫೀಸು ಕಟ್ಟಡದ ಗೇಟು ಕಾಯುತ್ತಿದ್ದವನು, ಎಲ್ಲರಿಗೂ ಗೇಟಿನಣ್ಣ. ಮಾವ ಲಿಫ್ಟಣ್ಣ.

"ಜೀವಮಾನ ಪೂರ್ತಿ ಊರವರನ್ನೆಲ್ಲ ಮೇಲಕ್ಕೆ ಕಳಿಸ್ದ," ಎಂದ ಗೇಟಿನಣ್ಣ ಪಕ್ಕದವರಿಗೆ. "ಇವತ್ತು ತಾನೇ ಹೊರಟ. ಈ ಲಿಫ್ಟಿಗೆ ಕೆಳಗಡೆ ಬರೋ ಗುಂಡಿನೇ ಇಲ್ಲ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ನಾದಿನಿಗೂ ನಗು ಬಂದು, ಅದರ ಬೆನ್ನಿಗೇ ಅಳು ಬಂತು.

ಸೊಸೆ ಮಂಚದ ಬದಿಗೆ ಕೂತು ಮಾವನ ಎಡಗೈ ಎತ್ತಿಕೊಂಡಳು. ಮಣಿಕಟ್ಟಿನ ಒಳಬದಿಗೆ ವಾಚಿನ ಮುಖವಿಟ್ಟು ಪಟ್ಟಿ ಸುತ್ತಿದಳು. ಎರಡು ತುದಿ ಒಂದಕ್ಕೊಂದು ಮುಟ್ಟಲಿಲ್ಲ. ಬಡಕಲಾಗಿದ್ದ ಕೈಗೆ ಅಳತೆ ಕೊಟ್ಟು ತಂದ ಪಟ್ಟಿ ಅದು. ಕೊನೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಕೈ ಊದಿಕೊಂಡಿತ್ತು. ಇನ್ನೊಂದು ಸಲ ಎಳೆದಳು. ಆಗಲಿಲ್ಲ. ಕೊನೆಗೆ ತುದಿಗಳನ್ನು ಬೆರಳುಗಳಿಂದ ಒತ್ತಿಹಿಡಿದು, ಅಂಗೈಯಿಂದ ವಾಚು ಮುಚ್ಚಿ, ಹಾಗೇ ಕೂತುಬಿಟ್ಟಳು.

"ನೋಡಿ, ಮಾವನ ಕೈ ಬಿಡ್ತಾ ಇಲ್ಲ," ಎಂದು ಒಬ್ಬಾಕೆ ಪಿಸುಗುಟ್ಟಿದ್ದು ಕೇಳಿಸಿತು.

*

ಆ ವಾಚನ್ನು ಕೊಟ್ಟವರು ಕಟ್ಟಡದ ಮೇಲಿನ ಮಹಡಿಯ ಯಜಮಾನರು, ಮಾವ ಕೆಲಸ ಬಿಟ್ಟ ದಿನ. ತಮಗೆಂದು ಕೊಂಡ ಹೊಸದನ್ನೇ ಡಬ್ಬಿಯ ಸಮೇತ ಕೊಟ್ಟರಂತೆ. ಲಿಫ್ಟಿನ ಕಬ್ಬಿಣದ ಜಾಲರಿ ಬಾಗಿಲು ಎಳೆದು ಎಳೆದು ಮಾವನ ಮೊದಲಿನ ಅಗ್ಗದ ವಾಚುಗಳೆಲ್ಲ ಗೀರಿಹೋಗಿದ್ದವು. ಆಗಿನಿಂದಲೂ ಅವರಿಗೆ ವಾಚನ್ನು ಒಳಮುಖವಾಗಿ ಕಟ್ಟುವ ಅಭ್ಯಾಸ. ಎಳೆಯಲು ಬಾಗಿಲಿಲ್ಲದ ಮೇಲೂ ಈ ಹೊಸದನ್ನು ಹಾಗೇ ಕಟ್ಟಿದರು. ಹೊತ್ತು ನೋಡಬೇಕಾದರೆ ನೀರು ಕುಡಿಯುವವರಂತೆ ಅಂಗೈಯನ್ನು ಮುಖದ ಹತ್ತಿರ ತರುತ್ತಿದ್ದರು.

"ಇದಕ್ಕೆ ಕೀಲಿ ಕೊಡೋದು ಬೇಕಿಲ್ಲ," ಎನ್ನುವುದು ಅವರ ಹೆಚ್ಚುಗಾರಿಕೆ. "ಕೈ ಆಡ್ತಾ ಇದ್ರೆ ತಾನೇ ನಡೆಯುತ್ತೆ. ಸೋಮಾರಿ ಕೈಲಿ ನಿಂತುಹೋಗುತ್ತೆ."

ಹಾಗೆಂದು ಬಿಚ್ಚಿ ಯಾರ ಕೈಗೂ ಕೊಟ್ಟವರಲ್ಲ. ಆ ವಾಚಿನ ಮುಖವನ್ನು ಮನೆಯಲ್ಲಿ ಒಬ್ಬರೂ ಸರಿಯಾಗಿ ನೋಡಿರಲಿಲ್ಲ.

*

ವ್ಯಾನು ಇನ್ನೂ ಬಂದಿರಲಿಲ್ಲ. ಸೊಸೆಯ ಬೆರಳುಗಳು ಜೋಮು ಹಿಡಿದಿದ್ದವು, ಕೈ ಸಣ್ಣಗೆ ನಡುಗುತ್ತಿತ್ತು. ಹಿಡಿತ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ನೀರು ಕೊಟ್ಟರೆ ಬೇಡವೆಂದಳು. ಗಂಡ ಬಂದು, ಸ್ವಲ್ಪ ಎದ್ದು ಓಡಾಡು ಅಂದ. ಒಲ್ಲೆನೆಂದು ತಲೆಯಾಡಿಸಿದಳು.

"ಹೊರಡೋ ಮುಂಚೆ ವಾಚು ಬಿಚ್ಚಿ ನನ್ನ ಕೈಗೆ ಕೊಡು," ಎಂದಳು ನಾದಿನಿ ಹತ್ತಿರ ಬಾಗಿ. "'ಇದು ನಿನಗೇ ಕಣೇ' ಅಂತ ನನಗೆ ಹೇಳಿದ್ರು ಅಪ್ಪ."

ಗೊತ್ತು ಅಕ್ಕ, ಎಂದಳು. ಆ ಮಾತು ಅವಳಿಗೂ ಗೊತ್ತಿತ್ತು. ಅದಕ್ಕೇ ವಾಚಿನ ಮೇಲಿನ ಅಂಗೈಯನ್ನು ಇನ್ನಷ್ಟು ಒತ್ತಿದಳು.

*

ಕಾಯಿಲೆಯಲ್ಲಿ ಮಾವ ಇಳಿದುಹೋಗಿ ವಾಚು ಮೊಣಕೈವರೆಗೆ ಜಾರತೊಡಗಿದಾಗ, ಚಿಕ್ಕ ಪಟ್ಟಿ ಹಾಕಿಸಿ ತರುತ್ತೇನೆಂದು ಹೇಳಿದವಳು ಅವಳೇ. ಮಾವ ಬಹಳ ಹೊತ್ತು ಒಪ್ಪಲಿಲ್ಲ.

"ಇಷ್ಟು ವರ್ಷ ಒಂದು ಗೀರೂ ಬಿದ್ದಿಲ್ಲಮ್ಮ. ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು." ಕೊನೆಗೆ ಬಿಚ್ಚಿ ಕೊಟ್ಟು ಹೇಳಿದ್ದರು: "ಅಲ್ಲೇ ನಿಂತಿದ್ದು ಹಾಕಿಸ್ಕೊಂಡು ಬಾ. ಕಣ್ಣು ತೆಗೀಬೇಡ."

ಅವಳು ಕಣ್ಣು ತೆಗೆದಳು. ಪಟ್ಟಿ ಹಾಕುವ ಅಂಗಡಿಯ ಪಕ್ಕದಲ್ಲೇ ಔಷಧಿ ಅಂಗಡಿ. ಎರಡೂ ಕೆಲಸ ಒಟ್ಟಿಗೆ ಮುಗಿಯಲೆಂದು ಹೋಗಿ ಬಂದಳು. ಬರುವಷ್ಟರಲ್ಲಿ ಪಟ್ಟಿಯಂಗಡಿಯವನು ವಾಚನ್ನು ಬೋರಲು ಹಾಕಿ ಒರೆಸುತ್ತಿದ್ದ. ಪಟ್ಟಿ ಸಿಕ್ಕಿಸುವ ಹಳೇ ಕಡ್ಡಿ ಬೆವರಿಗೆ ತುಕ್ಕು ಹಿಡಿದು ಸುಲಭಕ್ಕೆ ಬರಲಿಲ್ಲ ಅಂದ. ತಿರುಗಿಸಿ ನೋಡಿದಾಗ ಗೀರು ಕಂಡಿತು.

"ಇದು ಇರಲಿಲ್ಲ," ಎಂದಳು.

"ಮೊದಲೇ ಇತ್ತು ಮೇಡಂ. ಇರಲಿಲ್ಲ ಅಂತೀರಲ್ಲ, ನೀವು ನೋಡಿದ್ರಾ?"

ನೋಡಿರಲಿಲ್ಲ. ದುಡ್ಡು ಕೊಟ್ಟು ವಾಚು ಎತ್ತಿಕೊಂಡಳು. ಅಂಗಡಿಯ ಮೆಟ್ಟಿಲಿಳಿದು ಅರ್ಧ ಬೀದಿ ದಾಟಿದ ಮೇಲೆ ಹೇಳಬಹುದಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ತಿರುಗಿ ಹೋದಳು. ಅಷ್ಟರಲ್ಲಿ ಅವನ ಮುಂದೆ ಬೇರೆ ಗಿರಾಕಿಗಳಿದ್ದರು. ಅವರೆದುರು ಜಗಳವಾಡಲಾರದೆ ಮನೆಗೆ ಬಂದಳು.

ಆಮೇಲೆ ದಿನವೂ ಮಾವ ಕೇಳುತ್ತಿದ್ದರು. ದಿನವೂ ಅವಳು, ನಿಮ್ಮ ಅಳತೆಯ ಪಟ್ಟಿ ಬೇರೆ ಕಡೆಯಿಂದ ತರಿಸುತ್ತಿದ್ದಾರಂತೆ ಮಾವ, ಎನ್ನುತ್ತಿದ್ದಳು.

"ಅವಸರ ಮಾಡ್ಬೇಡಿ ಅನ್ನು," ಎಂದಿದ್ದರು ಒಮ್ಮೆ. "ಅವಸರಕ್ಕೆ ಕೈ ಜಾರುತ್ತೆ, ಪಾಪ." ಆಮೇಲೆ ಖಾಲಿ ಅಂಗೈಯನ್ನು ಮುಖದ ಹತ್ತಿರ ತಂದು, ಬಿಸಿಲು ಕಾಣದೆ ಬಿಳುಚಿಕೊಂಡಿದ್ದ ಪಟ್ಟೆಯನ್ನು ನೋಡುತ್ತ ಇದ್ದರು.

*

"ವ್ಯಾನು ಬಂತು," ಎಂದ ಗಂಡ.

ಎಲ್ಲರೂ ಎದ್ದರು. ಅವಳು ಮಾತ್ರ ಏಳಲಿಲ್ಲ. ಗೇಟಿನಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ.

"ಬಿಡಮ್ಮ, ಸಾಕು. ಹೋಗ್ಲಿ ಅವನು. ಇಂಥ ಸೊಸೆ ಎಷ್ಟು ಜನಕ್ಕೆ ಸಿಗ್ತಾಳೆ."

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾದಿನಿ ಪಕ್ಕದಲ್ಲಿ ಕೂತು, ಮಗುವಿನ ಮುಷ್ಟಿ ಬಿಡಿಸುವಂತೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ವಾಚು ಜಾರಿ ನಾದಿನಿಯ ಅಂಗೈಗೆ ಬಿತ್ತು. ಅವಳ ಹೆಬ್ಬೆರಳು ಚಿನ್ನದ ಮೇಲೆ ಹರಿದು, ಗೀರಿನ ಹತ್ತಿರ ನಿಂತಿತು.

"ಓ," ಎಂದಳು ಮೆಲ್ಲಗೆ. "ಇದಕ್ಕೇನಾ ಅಪ್ಪ ಒಳಗೆ ತಿರುಗಿಸಿ ಕಟ್ತಿದ್ದಿದ್ದು? ಗೀರಿದ್ದನ್ನ ದಾಟಿಸಿದ್ರಾ ಆ ಯಜಮಾನ್ರು? ಹೊಸದು ಹೊಸದು ಅಂತ ಅಪ್ಪ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ರಲ್ಲೇ, ಪಾಪ."

ಹೂಂ ಅಂದಿದ್ದರೆ ಸಾಕಿತ್ತು. ತಲೆ ತಗ್ಗಿಸಿದ್ದರೂ ಸಾಕಿತ್ತು.

"ಅಲ್ಲ ಅಕ್ಕ." ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. ಮಂಚಕ್ಕೆ ಕೈ ಹಾಕಿದ್ದ ಗಂಡ ತಲೆಯೆತ್ತಿದ. "ಹೊಸದೇ. ಒಂದು ಗೀರೂ ಇರಲಿಲ್ಲ. ಪಟ್ಟಿ ಹಾಕಿಸೋಕೆ ನಾನು ತಗೊಂಡು ಹೋಗಿದ್ದೆ. ಅಲ್ಲೇ ನಿಂತಿರು ಅಂದಿದ್ರು. ನಾನು ನಿಲ್ಲಲಿಲ್ಲ."

ಅಷ್ಟರಲ್ಲಿ ಮಂಚ ಹಿಡಿದಿದ್ದವರು ಎತ್ತಿದರು. ಇಬ್ಬರೂ ಎದ್ದು ಎರಡು ಬದಿಗೆ ಸರಿದರು, ನಡುವೆ ಮಾವ ಬಾಗಿಲಿನ ಕಡೆಗೆ ಸಾಗಿದರು. ಅವರು ದಾಟಿದ ಮೇಲೂ ನಾದಿನಿ ಅಲ್ಲೇ ನಿಂತಿದ್ದಳು. ಹುಬ್ಬು ಗಂಟಿಕ್ಕಿ ವಾಚನ್ನು ಕಿವಿಗೆ ಹಿಡಿದಳು. ತೆಗೆದು ನೋಡಿದಳು. ಬೆಳಗಿನಿಂದ ನಡುಗಿದ ಸೊಸೆಯ ಕೈಯೊಳಗೆ ಅದಕ್ಕೆ ಜೀವ ಬಂದಿತ್ತು. ಸೆಕೆಂಡಿನ ಮುಳ್ಳು ಗೀರಿನ ಪಕ್ಕಕ್ಕೇ ಹಾದು ಸುತ್ತುತ್ತಿತ್ತು.

ಸೊಸೆಯ ಕಡೆ ನೋಡದೆ, ನಾದಿನಿ ವಾಚನ್ನು ತನ್ನ ಎಡಗೈಗಿಟ್ಟುಕೊಂಡಳು. ಮುಖ ಒಳಗಡೆಗೆ. ಪಟ್ಟಿಯ ತುದಿಗಳು ಅವಳ ಕೈಗೂ ಕೂಡಲಿಲ್ಲ. ಇನ್ನೊಂದು ಕೈಯಿಂದ ಅದನ್ನು ಒತ್ತಿಹಿಡಿದು, ಮಂಚದ ಹಿಂದೆ ಬೀದಿಗಿಳಿದಳು.