ಬಿಸಿಯಾದರೆ ಆರುವ ನಕ್ಷತ್ರ

ಕ್ರಿಸ್‌ಮಸ್ ಆರಾಧನೆಯಲ್ಲಿ ವಿಶ್ವಾಸದ ಬಗ್ಗೆ ನಾಲ್ಕು ಮಾತಾಡಿ ಎಂದು ಪಾದ್ರಿಗಳು ಹೇಳಿದ ದಿನದಿಂದ ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಆದ ಅವನನ್ನು ಚರ್ಚಿನ ಸಭೆಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ಮನೆಮನೆಗೂ ಕ್ರಿಸ್‌ಮಸ್ ನಕ್ಷತ್ರ ಮಾಡಿಕೊಡುವವನು ಅವನೇ, ಬೀದಿಬೀದಿ ಸುತ್ತಿ ಹಬ್ಬದ ಹಾಡು ಹೇಳುವ ಕ್ಯಾರಲ್ ತಂಡದ ಮುಂದೆ ನಿಂತು ಹಾಡುವವನೂ ಅವನೇ. ಬಾಗಿಲಲ್ಲಿ ನಕ್ಷತ್ರ ಉರಿಯದ ಮನೆಯ ಮುಂದೆ ತಂಡ ಹಾಡಬಾರದು ಎಂಬ ನಿಯಮ ಮಾಡಿದವನೂ ಅವನೇ. ದೇವರು ಇಂಥದ್ದೊಂದು ನಿಯಮ ಮಾಡಿರಲಿಲ್ಲ. ದೇವರಿಗೆ ಬೇರೆ ಕೆಲಸವಿತ್ತು.

ತಾಯಿ ಮೊದಲು ಇವನ ಮನೆಯಲ್ಲೇ ಇದ್ದಳು. ಒಂದು ದಿನ ಪ್ರಾರ್ಥನೆಗೆ ಬಂದವರೆಲ್ಲ ಕೂತಿದ್ದಾಗ, ಮಗಳ ಮನೆಯಲ್ಲಾದರೆ ಕಣ್ತುಂಬ ನಿದ್ದೆ ಬರುತ್ತದೆ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಾರವೇ ಮೇಸ್ತ್ರಿ ತಾಯಿಯ ಪೆಟ್ಟಿಗೆಯನ್ನು ತಂಗಿಯ ಮನೆ ಬಾಗಿಲಲ್ಲಿಟ್ಟು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಂದ. ಪ್ರತಿದಿನ ಪ್ರಾರ್ಥನೆಯಲ್ಲಿ ತಾಯಿಯನ್ನು ಕ್ಷಮಿಸುತ್ತಿದ್ದ. ಒಮ್ಮೆ ಕ್ಷಮಿಸಿದ್ದರೆ ಸಾಕಿತ್ತು. ದಿನಾ ಕ್ಷಮಿಸಬೇಕಾಗಿ ಬಂದಿದ್ದೇ ಗುಟ್ಟನ್ನೆಲ್ಲ ಹೇಳುತ್ತಿತ್ತು.

ಈಗ ತಾಯಿ ಹಾಸಿಗೆ ಹಿಡಿದಿದ್ದಳು. ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರೂ ಕೈಚೆಲ್ಲಿದ್ದರು. ಅವಳಿಗಿದ್ದದ್ದು ಒಂದೇ ಆಸೆ: ಕ್ಯಾರಲ್ ಸಂಜೆ ಮಗ ಬಾಗಿಲಲ್ಲಿ ನಿಂತು ಹಾಡಬೇಕು, ಅದನ್ನು ಕೇಳಿ ತಾನು ಕಣ್ಣು ಮುಚ್ಚಬೇಕು. ತಂಗಿ ಅವನ ಅಂಗಡಿಗೆ ಬಂದು ಅಂಗಲಾಚಿದಳು. ಒಲ್ಲೆ ಎನ್ನಲು ಮೇಸ್ತ್ರಿಗೆ ಮನಸ್ಸೇನೋ ಇತ್ತು, ಆದರೆ ವಿಶ್ವಾಸದ ಬಗ್ಗೆ ಮಾತಾಡಲಿರುವವನು ಒಲ್ಲೆ ಎಂದರೆ ಸಭೆ ಏನೆಂದೀತು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ನಕ್ಷತ್ರ ಉರೀತಾ ಇದ್ರೆ ಹಾಡ್ತೀವಿ. ನಿಯಮ ಎಲ್ಲರಿಗೂ ಒಂದೇ," ಎಂದ. ನಕ್ಷತ್ರವನ್ನು ನಾನೇ ಮಾಡಿಕೊಡ್ತೀನಿ ಎಂದೂ ಸೇರಿಸಿದ. ತಂಗಿ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಅಂಗಡಿಯ ಮೂಲೆಯ ಡಬ್ಬದಲ್ಲಿ ಎಸೆಯಬೇಕಾದ ಬಲ್ಬ್ ಹೋಲ್ಡರುಗಳು ಬಿದ್ದಿದ್ದವು. ಒಂದರ ಒಳಗಿನ ಸ್ಪ್ರಿಂಗು ಸೋತಿತ್ತು. ತಣ್ಣಗಿರುವಾಗ ಬಲ್ಬು ಚೆನ್ನಾಗಿ ಉರಿಯುತ್ತದೆ, ಬಿಸಿಯೇರಿದ ಮೇಲೆ ಹಿಡಿತ ಬಿಟ್ಟು ಆರಿಹೋಗುತ್ತದೆ, ತಣಿದರೆ ಮತ್ತೆ ಹತ್ತುತ್ತದೆ. ಇಂಥದ್ದನ್ನು ಅವನು ಯಾವ ಗಿರಾಕಿಗೂ ಹಾಕಿದವನಲ್ಲ. ಕೆಲಸದಲ್ಲಿ ಅಷ್ಟು ನಿಯತ್ತಿನ ಮನುಷ್ಯ. ಹೊಸ ಬಣ್ಣದ ಕಾಗದದ ನಕ್ಷತ್ರದೊಳಗೆ ಅದನ್ನೇ ಕೂರಿಸಿ, ಕತ್ತಲಾದ ಕೂಡಲೇ ಹಚ್ಚು ಎಂದು ಹೇಳಿಕೊಟ್ಟ. ತಂಗಿಯ ಬೀದಿಯ ಸರದಿಯನ್ನು ಸ್ವಲ್ಪ ತಡವಾಗಿ ಇಟ್ಟುಕೊಂಡ.

ಕ್ಯಾರಲ್ ಸಂಜೆ, ತಂಗಿಯ ಮನೆಯಿಂದ ಎರಡು ಮನೆ ಆಚೆ ನಿಂತು ಹಾಡುವಾಗ ಮೇಸ್ತ್ರಿ ಕಣ್ಣಂಚಿನಲ್ಲಿ ನೋಡಿದ. ನಕ್ಷತ್ರ ನಿಗಿನಿಗಿ ಉರಿಯುತ್ತಿತ್ತು. ಎಲ್ಲಿ ಆರದೇ ಇದ್ದುಬಿಡುತ್ತದೋ ಎಂದು ಅವನಿಗೆ ದಿಗಿಲಾಯಿತು. ಎರಡನೆಯ ಚರಣದಲ್ಲಿ ಅದು ಆರಿತು. ಹಾಡಿನ ರಾಗ ಒಂದಿಷ್ಟೂ ತಪ್ಪಲಿಲ್ಲ.

ತಂಡದಲ್ಲಿದ್ದ ಟೀಚರಮ್ಮ ತಡೆದಳು. ನಿಮ್ಮ ಅಮ್ಮ ಇರುವ ಮನೆ ಅಲ್ವಾ, ದೀಪ ಹೋದರೆ ಹೋಗಲಿ, ಒಂದು ಹಾಡು ಹಾಡೋಣ ಎಂದಳು. ಮೇಸ್ತ್ರಿ ತಲೆ ತಗ್ಗಿಸಿ ನಿಂತ.

"ನಮ್ಮಮ್ಮ ಅಂತ ನಿಯಮ ಮುರಿದ್ರೆ, ನಾಳೆ ಯಾವ ಮುಖ ಇಟ್ಕೊಂಡು ಸಭೆ ಮುಂದೆ ನಿಲ್ಲಲಿ?"

ತಂಡದವರ ಕಣ್ಣು ಒದ್ದೆಯಾಯಿತು. ಇಂಥವರೂ ಇರುತ್ತಾರಲ್ಲ ಎಂದು ಯಾರೋ ಪಿಸುಗುಟ್ಟಿದರು. ಎಲ್ಲರೂ ಹಾಡುತ್ತಾ ಆ ಬಾಗಿಲು ದಾಟಿ ಮುಂದಿನ ಬೀದಿಗೆ ಹೋದರು. ಮಲಗುವ ಮುಂಚೆ ಮೇಸ್ತ್ರಿ ಮೊಣಕಾಲೂರಿ ದೇವರಿಗೆ ವಂದನೆ ಹೇಳಿದ. ಒಂದೇ ಒಂದು ಸುಳ್ಳೂ ಆಡಿಲ್ಲವಲ್ಲ ಎಂಬ ಸಮಾಧಾನದಲ್ಲಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ವಿಶ್ವಾಸವೆಂದರೆ ಕಣ್ಣಿಗೆ ಕಾಣದವನು ಬಂದೇ ಬರುತ್ತಾನೆಂದು ಕಾಯುವುದು ಎಂದು ಅಭ್ಯಾಸ ಮಾಡುತ್ತಿದ್ದಾಗ ತಂಗಿ ಒಳಗೆ ಬಂದಳು. ಕೈಯಲ್ಲಿ ನಕ್ಷತ್ರವಿತ್ತು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಪ್ಲಗ್ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತಳು. ನಕ್ಷತ್ರ ಚೆನ್ನಾಗಿ ಹತ್ತಿಕೊಂಡಿತು.

ಮೇಸ್ತ್ರಿಯ ಹೆಂಡತಿ ಟೀ ತಂದಿಟ್ಟು, ಸರಿಯಾಗೇ ಇದೆಯಲ್ಲಾ, ನಿಮಗೆ ಹಚ್ಚೋಕೆ ಬಂದಿಲ್ಲ ಅಷ್ಟೆ ಎಂದು ನಾದಿನಿಯನ್ನು ಛೇಡಿಸಿ ಅಡುಗೆಮನೆಗೆ ಹೋದಳು. ತಂಗಿ ಲೋಟ ಮುಟ್ಟಲಿಲ್ಲ. ಕೆಲಸವಿದೆ ಎಂದು ಮೇಸ್ತ್ರಿ ಏಳಹೋದ. ಕೂತ್ಕೋ ಅಣ್ಣ ಎಂದಳು. ಕೂತ. ಟೀ ಆರಿತು, ಕೆನೆ ಕಟ್ಟಿತು. ಅವನ ಹಣೆಯಲ್ಲಿ ಬೆವರು ಬಂತು. ಆಮೇಲೆ ನಕ್ಷತ್ರವೂ ಆರಿತು.

"ನಿನ್ನೇನೂ ಹೀಗೇ ಆಯ್ತು. ಬಲ್ಬ್ ಬದಲಾಯಿಸಿದೆ, ಹತ್ತಲಿಲ್ಲ. ನಾನು ಅಳೋಕೆ ಶುರು ಮಾಡ್ದೆ. ಅಮ್ಮ ಅಂದ್ಲು, ಯಾಕೆ ಅಳ್ತೀಯ, ಹೊರಗೆ ಸ್ಟೂಲ್ ಇಡು, ಆರಿದ ದೀಪ ಕಂಡ್ರೆ ಅವನ ಕೈ ಸುಮ್ನಿರಲ್ಲ, ಸರಿ ಮಾಡೋಕಾದ್ರೂ ಬಂದೇ ಬರ್ತಾನೆ ಅಂತ."

ಸ್ಟೂಲ್ ಇಟ್ಟಿದ್ದಳಂತೆ. ಹಾಡು ಬಾಗಿಲಿಗೆ ಬಂತು, ಬಾಗಿಲು ದಾಟಿತು, ದೂರವಾಯಿತು. ಬೀದಿಯಲ್ಲಿ ಸದ್ದಡಗಿದ ಮೇಲೆ ನಕ್ಷತ್ರ ತಾನಾಗಿ ಹತ್ತಿಕೊಂಡಿತಂತೆ. ಕಿಟಕಿಯಲ್ಲಿ ಬೆಳಕು ಕಂಡದ್ದೇ ತಡ, ಅಮ್ಮ ತಲೆಯೆತ್ತಿ, ಸರಿ ಮಾಡಿದ ನೋಡು, ಒಳಗೆ ಕರಿ ಎಂದಳಂತೆ.

"ಹೊರಗೆ ಹೋಗಿ ನೋಡ್ದೆ. ಬರೀ ಸ್ಟೂಲ್ ಇತ್ತು. ಕೈ ತೊಳೀತಿದ್ದಾನಮ್ಮಾ, ಈಗ ಬರ್ತಾನೆ ಅಂದೆ. ರಾತ್ರಿಯೆಲ್ಲಾ ಅದನ್ನೇ ಹೇಳ್ದೆ. ಬೆಳಗಿನ ಜಾವ ಹೋಗಿಬಿಟ್ಲು ಅಣ್ಣ, ಬಾಗಿಲ ಕಡೆ ನೋಡ್ಕೊಂಡೇ."

ಮೇಸ್ತ್ರಿಗೆ ಅಮ್ಮಾ ಎಂದು ಕೂಗಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಹೋಲ್ಡರ್ ಹಳೇದಿತ್ತೇನೋ."

ತಂಗಿ ಅವನನ್ನೊಮ್ಮೆ ದಿಟ್ಟಿಸಿ ನೋಡಿದಳು. ಮಣ್ಣು ಸಂಜೆಗೆ ಎಂದಷ್ಟೇ ಹೇಳಿ ಹೊರಟುಹೋದಳು. ಪ್ಲಗ್ ಕೀಳಲೂ ಇಲ್ಲ.

ಮೇಸ್ತ್ರಿ ಕುರ್ಚಿಯಲ್ಲೇ ಕೂತಿದ್ದ. ಏಳಬೇಕು, ಹೆಂಡತಿಗೆ ಹೇಳಬೇಕು, ಆ ಹೊಸ್ತಿಲು ತುಳಿಯಬೇಕು. ಯಾವುದಕ್ಕೂ ಕಾಲು ಬರಲಿಲ್ಲ. ಗೋಡೆಯ ಮೇಲೆ ನಕ್ಷತ್ರ ತಣಿಯಿತು, ಮತ್ತೆ ಹತ್ತಿಕೊಂಡಿತು. ಆಗಲೇ ಒಮ್ಮೆ ಇಣುಕಿ ಅದು ಆರಿದ್ದನ್ನು ಕಂಡಿದ್ದ ಹೆಂಡತಿ, ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಅದನ್ನು ನೋಡಿ ನಕ್ಕಳು.

"ಓ, ಸರಿ ಮಾಡೇಬಿಟ್ರಾ?" ಎಂದಳು.